ಹೊಸ ಲ್ಯಾಪ್‌ಟಾಪ್, ಕೆಟ್ಟ ಹಾರ್ಡ್ ಡಿಸ್ಕ್: ಪತ್ತೆ ಹಚ್ಚಿ ವಾರಂಟಿಯಲ್ಲಿ ಬದಲಾಯಿಸಿಕೊಳ್ಳುವುದು ಹೇಗೆ

ಕೊಂಡು ಎರಡು ತಿಂಗಳೂ ಆಗದ ಲ್ಯಾಪ್‌ಟಾಪ್ ಹಿಡಿದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ "ತುಂಬಾ ಸ್ಲೋ ಆಗಿದೆ" ಅಂದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. "ವಿಂಡೋಸ್ ಹೊಸದಾಗಿ ಹಾಕಿ ಕೊಡ್ತೀವಿ, ಸರಿಹೋಗುತ್ತೆ." ಹಾಕಿಯೂ ಕೊಡುತ್ತಾರೆ. ಸ್ವಲ್ಪ ದಿನ ಚೆನ್ನಾಗಿಯೂ ಓಡುತ್ತದೆ. ಆಮೇಲೆ ಮತ್ತೆ ಅದೇ ರಾಗ ಅದೇ ಹಾಡು. ಅಷ್ಟರಲ್ಲಿ ಒಳಗಿದ್ದ ಫೋಟೊ, ಲೆಕ್ಕಪತ್ರ ಎಲ್ಲ ಅಳಿಸಿ ಹೋಗಿರುತ್ತದೆ.

ಅದೇ ಮನುಷ್ಯ "ಹಾರ್ಡ್ ಡಿಸ್ಕ್ ಲಾಂಗ್ ಟೆಸ್ಟ್ ಫೇಲ್ ಆಗಿದೆ, ಕೋಡ್ ಇದು" ಅಂತ ಫೋನಿನಲ್ಲಿ ಒಂದು ಫೋಟೊ ತೋರಿಸಲಿ. ಕೌಂಟರ್‌ನಲ್ಲಿ ಕೂತವರ ಧಾಟಿಯೇ ಬದಲಾಗುತ್ತದೆ. ಸ್ಲೋ ಅನ್ನುವುದು ನಿಮ್ಮ ಅಭಿಪ್ರಾಯ. ಫೇಲ್ ಆದ ಕೋಡ್ ಅವರದೇ ಕಂಪನಿ ಕೊಟ್ಟ ತೀರ್ಪು. ಹಾಗಾಗಿ ಡಿಸ್ಕ್ ಬದಲಾಗಬೇಕು ಅಂದರೆ ಪುರಾವೆ ನೀವೇ ಸಿದ್ಧ ಮಾಡಿಕೊಂಡು ಹೋಗಬೇಕು. ಅದಕ್ಕೊಂದು ಕ್ರಮ ಇದೆ: ಮೊದಲು ಡೇಟಾ, ಆಮೇಲೆ ಪರೀಕ್ಷೆ, ಕೊನೆಗೆ ಫೋನ್. ಈ ಕ್ರಮ ತಪ್ಪಿಸಿದರೆ ಪರೀಕ್ಷೆಯೇ ಡಿಸ್ಕಿನ ಪ್ರಾಣ ತೆಗೆಯಬಹುದು.

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಸಂಘದವರು ಕಂಪ್ಯೂಟರ್ ಕೆಟ್ಟರೆ ನನಗೆ ಫೋನ್ ಮಾಡುತ್ತಾರೆ. ಅಂಥ ಒಂದು ಲ್ಯಾಪ್‌ಟಾಪನ್ನೇ ಇಲ್ಲಿ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಘಾಟ್ಕೋಪರ್‌ನಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯವರದು. ಕಡಿಮೆ ಬೆಲೆಯ ಮಾಡೆಲ್, ಒಳಗೆ 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್. ಹೋಟೆಲಿನ ಟ್ಯಾಲಿ ಲೆಕ್ಕವೂ ಅದರಲ್ಲೇ, ಸಂಘದ ಸ್ಮರಣ ಸಂಚಿಕೆಗೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳೂ ಅದರಲ್ಲೇ. ಎರಡಕ್ಕೂ ಬ್ಯಾಕಪ್ ಇರಲಿಲ್ಲ. ಯಾರ ಹತ್ತಿರ ಇರುತ್ತದೆ ಹೇಳಿ.

ಡಿಸ್ಕೇ ಕೆಟ್ಟಿದೆಯಾ?

ಹೊಸ ಲ್ಯಾಪ್‌ಟಾಪ್ ಮೊದಲ ಒಂದೆರಡು ದಿನ ಏದುಸಿರು ಬಿಡುವುದು ಸಹಜ. ವಿಂಡೋಸ್ ಅಪ್‌ಡೇಟ್ ಇಳಿಯುತ್ತಿರುತ್ತದೆ. ಒನ್‌ಡ್ರೈವ್ ಕಡತಗಳನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಜೊತೆಗೆ ಬಂದ ಟ್ರಯಲ್ ಆಂಟಿವೈರಸ್ ಕಂಡದ್ದನ್ನೆಲ್ಲ ಮೂಸಿ ನೋಡುತ್ತಿರುತ್ತದೆ. ತಿರುಗುವ ಡಿಸ್ಕ್ ಇದ್ದರೆ ಇಷ್ಟು ಸಾಕು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತ ಕಾಣುತ್ತದೆ. ರ‍್ಯಾಮ್ ಕಡಿಮೆ ಇದ್ದರೂ ಹೀಗೇ ಆಗುತ್ತದೆ, ಯಾಕೆಂದರೆ ಆಗ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ತರಹ ಬಳಸುತ್ತದೆ. ಇವು ಯಾವುವೂ ಡಿಸ್ಕಿನ ದೋಷ ಅಲ್ಲ. ರಾತ್ರಿಯಿಡೀ ಚಾರ್ಜರ್‌ಗೆ ಹಾಕಿ, ನೆಟ್ ಕೊಟ್ಟು, ಸುಮ್ನೆ ಆನ್ ಇಟ್ಟುಬಿಡಿ. ಮರುದಿನ ಹಗುರ ಆಗಿದ್ದರೆ ಈ ಬರಹ ನಿಮಗೆ ಬೇಕಿಲ್ಲ.

ಆಗದಿದ್ದರೆ ಒಂದು ಸಣ್ಣ ಪರೀಕ್ಷೆ. ದೊಡ್ಡದೊಂದು ವಿಡಿಯೊ ಕಡತವನ್ನು ಒಳ್ಳೆಯ ಹೊರಗಿನ ಡಿಸ್ಕ್‌ಗೆ ಕಾಪಿ ಹಾಕಿ. ಅಗ್ಗದ ಪೆನ್‌ಡ್ರೈವ್ ಬೇಡ, ಅದೇ ನಿಧಾನ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ ನೋಡುತ್ತಿರಿ. 5400 ಆರ್‌ಪಿಎಂ ಡಿಸ್ಕ್ ಕೂಡ ಇಂಥ ಕೆಲಸದಲ್ಲಿ ಸೆಕೆಂಡಿಗೆ 80–100 ಎಂಬಿ ಆಸುಪಾಸಿನಲ್ಲಿ ಓದಬೇಕು. ಕೆಟ್ಟ ಡಿಸ್ಕ್ ಸ್ವಲ್ಪ ದೂರ ಸರಾಗವಾಗಿ ಓಡಿ, ಒಮ್ಮೆಗೇ ಸೊನ್ನೆಗೆ ಬೀಳುತ್ತದೆ. ಆ ಹೊತ್ತಿನಲ್ಲಿ ಆಕ್ಟಿವ್ ಟೈಮ್ ಮಾತ್ರ 100%. ಆವರೇಜ್ ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ತೋರಿಸುತ್ತದೆ. ಅಂದರೆ ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತಿದೆ, ಆಗುತ್ತಿಲ್ಲ.

ಇನ್ನೊಂದು ಒಳ್ಳೆಯ ಗುರುತು: ಯಾವಾಗ ಹ್ಯಾಂಗ್ ಆಗುತ್ತದೆ ಅನ್ನುವುದು. ಹೊತ್ತುಗೊತ್ತಿಲ್ಲದೆ ಎಲ್ಲೆಂದರಲ್ಲಿ ನಿಂತರೆ ಬಿಸಿ, ರ‍್ಯಾಮ್, ಡ್ರೈವರ್ ಇವುಗಳ ಮೇಲೆ ಅನುಮಾನ ಪಡಿ. ಪ್ರತಿ ಸಲ ಅದೇ ಕಡತಕ್ಕೆ ಬಂದಾಗ ನಿಂತರೆ ಡಿಸ್ಕಿನ ಮೇಲೆ. ಹೋಟೆಲಿನವರ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ಚೆನ್ನಾಗಿಯೇ ತೆರೆಯುತ್ತಿತ್ತು, ಬಿಲ್ಲೂ ಹಾಕುತ್ತಿತ್ತು. ಹಿಂದಿನ ತಿಂಗಳ ಖರೀದಿ ರಿಪೋರ್ಟ್ ತೆಗೆದರೆ ಮಾತ್ರ ಪರದೆ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಅವರು ಟ್ಯಾಲಿಯನ್ನೇ ಬೈಯುತ್ತಿದ್ದರು, ಪಾಪ. ಕಿವಿ ಹತ್ತಿರ ಹಿಡಿದರೆ ಕೆಳಗಿನ ಎಡ ಮೂಲೆಯಿಂದ ಟಿಕ್... ಟಿಕ್... ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿತ್ತು. ಸುಮ್ಮನಿದ್ದಾಗ ಆಗೊಮ್ಮೆ ಈಗೊಮ್ಮೆ ಬರುವ ಮೆಲ್ಲನೆಯ ಟಿಕ್ ಸದ್ದು ಹೆದರಬೇಕಾದದ್ದಲ್ಲ, ಅದು ಡಿಸ್ಕನ್ನು ಓದುವ ಹೆಡ್ ಪಕ್ಕಕ್ಕೆ ಸರಿದು ಕೂರುವ ಸದ್ದು. ಹ್ಯಾಂಗ್ ಆದ ಹೊತ್ತಿನಲ್ಲೇ ಲಯಬದ್ಧವಾಗಿ ಬಂದರೆ ಅದು ಬೇರೆ ವಿಷಯ.

ವಿಂಡೋಸ್ ಕೂಡ ಇದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಅದರಲ್ಲಿ ಸಿಸ್ಟಮ್ ನೋಡಿ. ಮೂಲ ಡಿಸ್ಕ್, ಈವೆಂಟ್ ಐಡಿ 7 ಅಂತಿದ್ದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಜಾಗ ಸಿಕ್ಕಿದೆ ಅಂತ ಅರ್ಥ. 153 ಅಂದರೆ ಓದುವ ಬರೆಯುವ ಕೆಲಸವನ್ನು ಮರುಪ್ರಯತ್ನ ಮಾಡಬೇಕಾಯಿತು ಅಂತ. 129 ಅಂದರೆ ಡಿಸ್ಕ್ ಉತ್ತರವನ್ನೇ ಕೊಡದೆ ಅದನ್ನು ರೀಸೆಟ್ ಮಾಡಬೇಕಾಯಿತು ಅಂತ. ಒಂದು 153 ಕಂಡರೆ ಗಾಬರಿ ಬೇಡ. ಸಾಲುಸಾಲು 7 ಕಂಡರೆ ಮಾತ್ರ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲೇ ಇಟ್ಟರೆ ಪ್ರಯೋಜನ ಇಲ್ಲ ಅಲ್ವಾ.

ಚೆಕ್‌ಡಿಸ್ಕ್ ಮುಟ್ಟಬೇಡಿ, ಮೊದಲು ಡೇಟಾ ತೆಗೆಯಿರಿ

ಇಷ್ಟು ಗೊತ್ತಾದ ಮೇಲೆ ಹತ್ತು ಜನ ಕೊಡುವ ಸಲಹೆ: ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಆಜ್ಞೆ ಚೆಕ್‌ಡಿಸ್ಕ್ ಓಡಿಸು. ಅದರಲ್ಲೂ ಸ್ಲ್ಯಾಶ್ ಆರ್ ಹಾಕಿ. ಡೇಟಾ ತೆಗೆಯುವ ಮೊದಲು ಇದನ್ನು ಮಾಡಲೇಬೇಡಿ. ಸ್ಲ್ಯಾಶ್ ಆರ್ ಅಂದರೆ ಇಡೀ ಡಿಸ್ಕನ್ನು ಮೂಲೆಮೂಲೆ ಓದಿಸುವುದು. ಸಾಯುತ್ತಿರುವ ಡಿಸ್ಕ್‌ಗೆ ಅದು ಗಂಟೆಗಟ್ಟಲೆ ಓಟ. ಜೊತೆಗೆ ಕಡತಗಳ ಪಟ್ಟಿಯಲ್ಲಿ ಕೈಯಾಡಿಸಿ, ಅರ್ಧಮರ್ಧ ಓದಿದ್ದನ್ನು "ಸರಿ" ಮಾಡಲು ಹೊರಡುತ್ತದೆ. ಅದು ಡಿಸ್ಕಿನ ಭೌತಿಕ ದೋಷವನ್ನಂತೂ ಸರಿಮಾಡುವುದಿಲ್ಲ. ವಾರಂಟಿಯಲ್ಲಿ ಹೇಗೂ ಡಿಸ್ಕ್ ವಾಪಸ್ ಹೋಗುತ್ತದೆ, ಅದರ ಫೈಲ್ ಸಿಸ್ಟಮ್ ರಿಪೇರಿ ಮಾಡಿ ನಮಗೇನು ಸಿಗುತ್ತದೆ?

ಕಾಪಿ ಮಾಡುವ ಮೊದಲು ಒಂದು ಕೆಲಸ. ವಿಂಡೋಸ್ 11 ಇರುವ ಬಹಳಷ್ಟು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ನಿಮಗೆ ಗೊತ್ತೇ ಇರುವುದಿಲ್ಲ. ಮುಂದೆ ಈ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಓದಬೇಕಾಗಿ ಬಂದರೆ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ಪುಟದಲ್ಲಿ ಇರುತ್ತದೆ. ಈಗಲೇ ತೆಗೆದು ಕಾಗದದ ಮೇಲೆ ಬರೆದಿಡಿ. ಅಂಗಡಿಯ ಹುಡುಗ ತನ್ನ ಮೇಲ್ ಐಡಿಯಿಂದ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವನ ಖಾತೆಯಲ್ಲಿ ಇರುತ್ತದೆ! ಹೊಸ ಲ್ಯಾಪ್‌ಟಾಪ್ ಸೆಟಪ್ ಮಾಡಲು ಅಂಗಡಿಯವರಿಗೆ ಬಿಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕಾಪಿ ಮಾಡುವಾಗ ಮುಖ್ಯವಾದದ್ದು ಮೊದಲು. ಸಿನಿಮಾ, ಹಾಡು ಕೊನೆಗೆ, ಇಲ್ಲವೇ ಬಿಟ್ಟೇಬಿಡಿ. ಟ್ಯಾಲಿಯಲ್ಲಿ ಡೇಟಾ ಫೋಲ್ಡರ್ ಒಳಗೆ ಅಂಕಿಗಳ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಒಂದು ಕಂಪನಿಗೆ ಒಂದು. ಅದನ್ನು ಇಡಿಯಾಗಿ ಎತ್ತಬೇಕು, ಒಳಗಿನ ಒಂದೆರಡು ಕಡತ ಎತ್ತಿದರೆ ಸಾಲದು. ಫೋಲ್ಡರ್ ಎಲ್ಲಿದೆ ಅಂತ ಟ್ಯಾಲಿಯ ಕಂಪನಿ ಪರದೆಯ ಡೇಟಾ ಪಾತ್‌ನಲ್ಲಿ ಕಾಣುತ್ತದೆ. ಹಳೆಯ ನುಡಿ, ಬರಹ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಯೂನಿಕೋಡ್ ಅಲ್ಲದ ಕಡತವನ್ನು ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ ಅಷ್ಟೆ.

ಸಾಮಾನ್ಯ ಕಾಪಿ ಪೇಸ್ಟ್ ಕೆಟ್ಟ ಕಡತ ಸಿಕ್ಕಿದಲ್ಲೇ ನಿಂತುಬಿಡುತ್ತದೆ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಅನ್ನುವ ಕಾಪಿ ಆಜ್ಞೆ ಬಳಸಿ. ಆದರೆ ಅದರಲ್ಲೊಂದು ಮಜಾ ಇದೆ. ನೀವೇನೂ ಹೇಳದಿದ್ದರೆ ಓದಲಾಗದ ಪ್ರತಿ ಕಡತವನ್ನು ಅದು 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲವೂ 30 ಸೆಕೆಂಡ್ ಕಾಯುತ್ತಾ. ಒಂದೇ ಕಡತಕ್ಕೆ ಹತ್ತಿರ ಹತ್ತಿರ ಒಂದು ವರ್ಷ! ಅದಕ್ಕೇ ಆಜ್ಞೆಯ ಕೊನೆಯಲ್ಲಿ ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 (/R:1 /W:1) ಅಂತ ಸೇರಿಸಿ. ಒಮ್ಮೆ ಮರುಪ್ರಯತ್ನ, ಒಂದು ಸೆಕೆಂಡ್ ಕಾಯುವುದು, ಮುಂದಕ್ಕೆ ಹೋಗುವುದು. ಓದಲಾಗದ ಕಡತಗಳ ಪಟ್ಟಿ ಪರದೆಯ ಮೇಲೇ ಸಿಗುತ್ತದೆ. ಹೋಟೆಲಿನವರ ಟ್ಯಾಲಿ ಫೋಲ್ಡರ್‌ನಲ್ಲಿ ಒಂದೇ ಕಡತ ಉಳಿದುಕೊಂಡಿತು. ಅದನ್ನು ಅವರ ಲೆಕ್ಕಿಗರ ಹತ್ತಿರ ಇದ್ದ ಪ್ರತಿಯಿಂದ ತುಂಬಿಸಿಕೊಂಡರು.

ವಿಂಡೋಸೇ ಏಳುತ್ತಿಲ್ಲ ಅಂದರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕ್‌ನಿಂದ ಡೇಟಾ ತೆಗೆಯುವ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಓಡಿಸಬಹುದು. ಅದು ಮೊದಲು ಸುಲಭವಾಗಿ ಓದಲಾಗುವ ಜಾಗವನ್ನೆಲ್ಲ ಓದಿ ಮುಗಿಸುತ್ತದೆ. ಕಷ್ಟದ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಓದಿದೆ ಅಂತ ಒಂದು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ಮಧ್ಯೆ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. ಇದಕ್ಕೆ ನಿಮ್ಮ ಡಿಸ್ಕಿಗಿಂತ ದೊಡ್ಡದಾದ ಇನ್ನೊಂದು ಡಿಸ್ಕ್ ಬೇಕು.

ಟಿಕ್ ಟಿಕ್ ಜೋರಾಗಿ, ಡಿಸ್ಕ್ ಕಾಣಿಸಿಕೊಳ್ಳುವುದೇ ನಿಂತುಹೋಗಿದ್ದರೆ ಇದ್ಯಾವುದೂ ಬೇಡ. ಆಫ್ ಮಾಡಿ ಇಟ್ಟುಬಿಡಿ. ಒಳಗಿನ ಡೇಟಾ ನಿಮಗೆ ಎಷ್ಟು ಬೆಲೆಯದು ಅಂತ ಯೋಚಿಸಿ. ವಾರಂಟಿ ಡಿಸ್ಕನ್ನು ಕೊಡುತ್ತದೆ, ಡೇಟಾವನ್ನು ಕೊಡುವುದಿಲ್ಲ. ಡೇಟಾ ಬೇಕೇಬೇಕು ಅಂದರೆ ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ರಿಕವರಿ ಲ್ಯಾಬ್‌ಗೆ ಹೋಗಬೇಕು. ಆದರೆ ಅಲ್ಲಿ ಬಿಚ್ಚಿದ ಡಿಸ್ಕನ್ನು ಲ್ಯಾಪ್‌ಟಾಪ್ ಕಂಪನಿ ವಾಪಸ್ ತೆಗೆದುಕೊಳ್ಳುತ್ತದೆಯಾ ಅಂತ ಮೊದಲು ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಸ್ಮಾರ್ಟ್ ಅಂಕಿಗಳು ಏನು ಹೇಳುತ್ತವೆ

ಡೇಟಾ ಹೊರಗೆ ಬಂತು. ಈಗ ಧೈರ್ಯವಾಗಿ ಪರೀಕ್ಷೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ನೀಲಿ ಇದ್ದರೆ ಒಳ್ಳೆಯದು, ಹಳದಿ ಅಂದರೆ ಎಚ್ಚರ, ಕೆಂಪು ಅಂದರೆ ಕೆಟ್ಟಿದೆ. ಬಣ್ಣ ನೋಡಿ ಮುಚ್ಚಬೇಡಿ, ಸಾಲುಗಳನ್ನು ಓದಿ.

ಮುಖ್ಯವಾದ ಸಾಲು ಮೂರು. 05 ಅಂದರೆ ಕೆಟ್ಟ ಸೆಕ್ಟರ್‌ಗಳ (ಡೇಟಾ ಇಡುವ ಸಣ್ಣ ಸಣ್ಣ ತುಂಡುಗಳ) ಬದಲಿಗೆ ಡಿಸ್ಕ್ ತನ್ನ ಮೀಸಲು ಸೆಕ್ಟರ್‌ಗಳನ್ನು ಬಳಸಿದ ಲೆಕ್ಕ. ಸಿ5 ಅಂದರೆ ಓದಲು ಆಗಲಿಲ್ಲ, ಇನ್ನೂ ತೀರ್ಮಾನ ಆಗಿಲ್ಲ ಅನ್ನುವ ಸೆಕ್ಟರ್‌ಗಳ ಲೆಕ್ಕ. ಆ ಜಾಗಕ್ಕೆ ಮುಂದೆ ಏನಾದರೂ ಬರೆದಾಗ ಒಂದೋ ಅದು ಸರಿಹೋಗುತ್ತದೆ, ಇಲ್ಲವೇ 05ರ ಲೆಕ್ಕಕ್ಕೆ ಸೇರುತ್ತದೆ. ಸಿ6 ಅಂದರೆ ಡಿಸ್ಕ್ ತಾನೇ ನಡೆಸಿದ ಪರೀಕ್ಷೆಯಲ್ಲಿ ಸರಿಪಡಿಸಲು ಆಗದೆ ಉಳಿದವು. ಹೊಸ ಲ್ಯಾಪ್‌ಟಾಪ್‌ನಲ್ಲಿ ಈ ಮೂರೂ ಸೊನ್ನೆ ಇರಬೇಕು.

ಇಲ್ಲಿ ಒಂದು ಕಡೆ ಎಡವುತ್ತಾರೆ. ರಾ ವ್ಯಾಲ್ಯೂ ಕಾಲಮ್‌ನ ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಇರುತ್ತವೆ. ಹೋಟೆಲಿನವರ ಡಿಸ್ಕ್‌ನಲ್ಲಿ ಸಿ5 ಎದುರಿಗೆ 000000000018 ಅಂತ ಇತ್ತು. ಅದು ಹದಿನೆಂಟಲ್ಲ, 24. ಮೆನುವಿನಲ್ಲಿ ದಶಮಾಂಶಕ್ಕೆ ಬದಲಾಯಿಸಿಕೊಳ್ಳಬಹುದು. 24 ಯಾಕೆ ಅನ್ನುವುದಕ್ಕೂ ಕಾರಣ ಇದೆ. ಈಗಿನ ಡಿಸ್ಕ್‌ಗಳಲ್ಲಿ ನಿಜವಾದ ಸೆಕ್ಟರ್ 4096 ಬೈಟ್‌ನದು, ಹೊರಗೆ ತೋರಿಸುವುದು ಮಾತ್ರ 512 ಬೈಟ್‌ನದು. ಹಾಗಾಗಿ ಒಂದು ಕೆಟ್ಟರೆ ಲೆಕ್ಕದಲ್ಲಿ ಹೆಚ್ಚಾಗಿ 8 ಏರುತ್ತದೆ. 24 ಅಂದರೆ ಮೂರು ಜಾಗ. ಎಲ್ಲ ಕಾಪಿ ಮಾಡಿದ ಮೇಲೆ ನೋಡಿದರೆ ಅದು 40 ಆಗಿತ್ತು. ಒಂದು ಸಲದ ಅಂಕಿಗಿಂತ ಹೀಗೆ ಏರುತ್ತಾ ಹೋಗುವುದೇ ದೊಡ್ಡ ಸಾಕ್ಷಿ. ಎರಡು ದಿನದ ಎರಡು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಡಿಸ್ಕ್ ತನ್ನನ್ನು ತಾನು ಫೇಲ್ ಅಂತ ಒಪ್ಪಿಕೊಳ್ಳುವುದು ಬಹಳ ತಡವಾಗಿ. ಕರೆಂಟ್ ಅನ್ನುವ ಕಾಲಮ್‌ನ ಅಂಕಿ ಥ್ರೆಶೋಲ್ಡ್‌ಗೆ (ಕೆಟ್ಟಿದೆ ಅನ್ನುವ ಮಿತಿಗೆ) ಇಳಿಯುವವರೆಗೆ "ಎಲ್ಲ ಸರಿ ಇದೆ" ಅಂತಲೇ ಹೇಳುತ್ತದೆ. ಆದ್ದರಿಂದ ಸ್ಟೇಟಸ್ ಓಕೆ ಅಂತ ಬಂದರೆ ಅದನ್ನು ನಂಬಿ ಕೂರಬೇಡಿ. ಹಾಗೆಯೇ ಎಲ್ಲ ದೊಡ್ಡ ಅಂಕಿಯೂ ಕೆಟ್ಟದ್ದಲ್ಲ. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಎದುರು ಕೋಟಿಗಟ್ಟಲೆ ಅಂಕಿ ಇರುವುದು ಮಾಮೂಲು.

ಸಿ7 ಬೇರೆಯೇ ಕಥೆ, ಡೇಟಾ ಸಾಗುವ ದಾರಿಯಲ್ಲಾದ ತಪ್ಪುಗಳ ಲೆಕ್ಕ. ಅದು ಏರುತ್ತಿದ್ದರೆ ಡಿಸ್ಕ್‌ಗಿಂತ ಕೇಬಲ್ ಮೇಲೆ ಅನುಮಾನ ಪಡಬೇಕು. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ರಿಬ್ಬನ್‌ನಂಥ ತೆಳು ಕೇಬಲ್ ಇರುತ್ತದೆ. ಅದು ಸಡಿಲ ಇದ್ದರೆ ಎಷ್ಟು ಡಿಸ್ಕ್ ಬದಲಾಯಿಸಿದರೂ ಅಷ್ಟೇ. 09 ಅಂದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ ಅನ್ನುವುದು. ಹೊಸದು ಅಂತ ಕೊಂಡ ಲ್ಯಾಪ್‌ಟಾಪ್ ಮೊದಲ ದಿನವೇ ನೂರಾರು ಗಂಟೆ ತೋರಿಸಿದರೆ ಅದು ಅಂಗಡಿಯ ಡೆಮೊ ಪೀಸ್ ಇರಬಹುದು. ಬಿಲ್ ಹಿಡಿದು ಅಂಗಡಿಗೇ ವಾಪಸ್ ಹೋಗಿ.

ಎಸ್‌ಎಸ್‌ಡಿ ಆದರೆ

ಇವತ್ತು ಮಾರಾಟ ಆಗುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಇರುವುದು ತಿರುಗುವ ಭಾಗವೇ ಇಲ್ಲದ, ಚಿಪ್‌ನಲ್ಲಿ ಡೇಟಾ ಇಡುವ ಎನ್‌ವಿಎಂಇ ಎಸ್‌ಎಸ್‌ಡಿಯೇ. ಅದು ಸದ್ದು ಮಾಡುವುದಿಲ್ಲ, ಮುನ್ಸೂಚನೆಯನ್ನೂ ಹೆಚ್ಚು ಕೊಡುವುದಿಲ್ಲ. ನಿನ್ನೆ ಇತ್ತು, ಇವತ್ತು ಬಯಾಸ್‌ನಲ್ಲೇ (ವಿಂಡೋಸ್‌ಗೂ ಮೊದಲು ಏಳುವ, ಲ್ಯಾಪ್‌ಟಾಪ್‌ನದೇ ಸೆಟಪ್ ಪರದೆಯಲ್ಲೇ) ಕಾಣಿಸುತ್ತಿಲ್ಲ. ಪೂರ್ತಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಪ್ರತ್ಯಕ್ಷ. ಹೀಗೆ ಒಮ್ಮೆ ಆದರೂ ಸರಿ, ಆ ಕ್ಷಣಕ್ಕೇ ಡೇಟಾ ತೆಗೆಯಿರಿ. ಸ್ಮಾರ್ಟ್‌ನಲ್ಲಿ ಇಲ್ಲಿ ನೋಡಬೇಕಾದದ್ದು ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್ ಮತ್ತು ಅವೈಲಬಲ್ ಸ್ಪೇರ್. ಮೊದಲನೆಯದು ಸೊನ್ನೆ ಇರಬೇಕು, ಎರಡನೆಯದು ಹೊಸದರಲ್ಲಿ 100.

ಒಂದು ಸುಳ್ಳು ಗಾಬರಿಯ ಬಗ್ಗೆ ಹೇಳಿಬಿಡುತ್ತೇನೆ. ವಿಂಡೋಸ್ ಹೊಸದಾಗಿ ಹಾಕಲು ಹೋದಾಗ ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣುವುದಿಲ್ಲ, ಆದರೆ ಬಯಾಸ್‌ನಲ್ಲಿ ಇದೆ. ಇಂಟೆಲ್ 11ನೇ ಪೀಳಿಗೆಯ ಮತ್ತು ಅದರ ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ ಸೆಟ್ಟಿಂಗ್ ಆನ್ ಇರುವುದರಿಂದ ಹೀಗಾಗುತ್ತದೆ. ಇಂಟೆಲ್‌ನ ಸ್ಟೋರೇಜ್ ಡ್ರೈವರ್ ಲೋಡ್ ಮಾಡಿದರೆ ಡಿಸ್ಕ್ ಬರುತ್ತದೆ. ಇದಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ.

ಕಂಪನಿಯದೇ ಪರೀಕ್ಷೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ನಿಮಗೆ ನಂಬಿಕೆ ಕೊಡುತ್ತದೆ, ಕಂಪನಿಗೆ ಅಲ್ಲ. "ಅದು ಹೊರಗಿನ ಸಾಫ್ಟ್‌ವೇರ್" ಅಂತ ಕೈ ತೊಳೆದುಕೊಳ್ಳುತ್ತಾರೆ. ಅವರು ಬಾಯಿ ಮುಚ್ಚಿ ಒಪ್ಪುವುದು ಅವರದೇ ಡಯಾಗ್ನಾಸ್ಟಿಕ್ಸ್‌ನ ಕೋಡನ್ನು. ಅದು ಲ್ಯಾಪ್‌ಟಾಪ್ ಒಳಗೇ ಇರುತ್ತದೆ, ವಿಂಡೋಸ್ ಬೇಕಿಲ್ಲ. ಎಚ್‌ಪಿಯಲ್ಲಿ ಆನ್ ಮಾಡಿದ ಕೂಡಲೇ ಎಫ್2 ಒತ್ತುತ್ತಾ ಇರಿ. ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿ. ಲೆನೊವೊದ ಥಿಂಕ್‌ಪ್ಯಾಡ್‌ಗಳಲ್ಲಿ ಎಫ್10. ಬೇರೆಯವರದ್ದಕ್ಕೆ ಕೈಪಿಡಿ ನೋಡಿ.

ಒಳಗೆ ಹೋದ ಮೇಲೆ ಎರಡು ಆಯ್ಕೆ ಇರುತ್ತವೆ: ಚಿಕ್ಕ ಪರೀಕ್ಷೆ, ದೊಡ್ಡ ಪರೀಕ್ಷೆ (ಲಾಂಗ್ ಟೆಸ್ಟ್). ಚಿಕ್ಕದು ಕೆಲವೇ ನಿಮಿಷ, ಡಿಸ್ಕಿನ ಸ್ವಲ್ಪ ಭಾಗವನ್ನಷ್ಟೇ ಮುಟ್ಟುತ್ತದೆ. ದೊಡ್ಡದು ಇಡೀ ಡಿಸ್ಕ್ ಓದುತ್ತದೆ, 1 ಟಿಬಿಗೆ ಗಂಟೆಗಟ್ಟಲೆ ಬೇಕು. ಜಗಳ ಹುಟ್ಟುವುದೇ ಇಲ್ಲಿ. ಮೂರು ಜಾಗದಲ್ಲಿ ಮಾತ್ರ ಕೆಟ್ಟಿರುವ ಡಿಸ್ಕ್ ಚಿಕ್ಕ ಪರೀಕ್ಷೆಯಲ್ಲಿ ಆರಾಮಾಗಿ ಪಾಸ್ ಆಗುತ್ತದೆ. ಸರ್ವಿಸ್ ಸೆಂಟರ್‌ನವರು ಮಾಡುವುದೂ ಅದನ್ನೇ. ಪಾಸ್ ಅಂತ ಬರೆದು, ದೋಷ ಇಲ್ಲ ಅಂತ ವಾಪಸ್ ಕೊಡುತ್ತಾರೆ. ಹೋಟೆಲಿನವರದ್ದು ಹಾಗೇ ಆಗಿತ್ತು. ನಾವು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ದೊಡ್ಡ ಪರೀಕ್ಷೆಗೆ ಹಾಕಿದೆವು, ಚಾರ್ಜರ್ ಸಮೇತ. ಬೆಳಿಗ್ಗೆ ಇಡ್ಲಿ ಬೇಯುವ ಹೊತ್ತಿಗೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ಫೇಲ್ ಅಂತಿತ್ತು, ಕೆಳಗೆ ಕೋಡ್.

ಆ ಪರದೆಯನ್ನು ಮುಚ್ಚುವ ಮೊದಲು ಫೋಟೊ ತೆಗೆಯಿರಿ. ಪರದೆಯ ಹೊಳಪು ಬೀಳದ ಹಾಗೆ ಓರೆಯಾಗಿ, ಪ್ರತಿ ಅಂಕಿ ಓದುವ ಹಾಗೆ. ಎಚ್‌ಪಿಯಲ್ಲಿ ಅದು 24 ಅಕ್ಷರಗಳ ಫೇಲ್ಯೂರ್ ಐಡಿ. ಡೆಲ್‌ನಲ್ಲಿ 2000-0142 ಬಂದರೆ ಹಾರ್ಡ್ ಡಿಸ್ಕ್‌ನ ಸ್ವಯಂ ಪರೀಕ್ಷೆ ವಿಫಲ ಅಂತ ಅರ್ಥ, ಜೊತೆಗೆ ಒಂದು ವ್ಯಾಲಿಡೇಶನ್ ಕೋಡ್ ಇರುತ್ತದೆ. ಲ್ಯಾಪ್‌ಟಾಪ್‌ನ ತಳದಲ್ಲಿರುವ ಸೀರಿಯಲ್ ನಂಬರ್‌ನದೂ ಒಂದು ಫೋಟೊ ಇರಲಿ.

ಫೋನ್ ಮತ್ತು ಕೌಂಟರ್

ಕೊಂಡು ಕೆಲವೇ ದಿನ ಆಗಿದ್ದರೆ ಸರ್ವಿಸ್ ಸೆಂಟರ್‌ಗೆ ಮೊದಲು ಹೋಗಬೇಡಿ. ಆನ್‌ಲೈನ್ ಅಂಗಡಿಗಳಲ್ಲಿ, ಕೆಲವು ಕಂಪನಿಗಳಲ್ಲಿ ಮೊದಲ ಕೆಲವು ದಿನ ಇಡೀ ಲ್ಯಾಪ್‌ಟಾಪನ್ನೇ ಬದಲಿಸಿಕೊಡುವ ಅವಧಿ ಇರುತ್ತದೆ. ಡಿಸ್ಕ್ ಬದಲಾವಣೆಗೆ ಒಪ್ಪಿಕೊಂಡರೆ ಆ ಬಾಗಿಲು ಮುಚ್ಚಬಹುದು.

ಅವಧಿ ದಾಟಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ನೋಡಿ. ಅಲ್ಲಿ ತೋರಿಸುವ ಆರಂಭದ ದಿನ ಕೆಲವೊಮ್ಮೆ ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಹೊರಟ ದಿನ ಆಗಿರುತ್ತದೆ, ನೀವು ಕೊಂಡ ದಿನ ಅಲ್ಲ. ಜಿಎಸ್‌ಟಿ ಬಿಲ್ ಅಪ್‌ಲೋಡ್ ಮಾಡಿ ತಿದ್ದಿಸಿಕೊಳ್ಳಬಹುದು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಅಂಗಡಿಯವರಿಂದ ಬರೆಸಿ. ನಿಮ್ಮದು ಮನೆಗೇ ಬರುವ ವಾರಂಟಿಯೋ, ನೀವೇ ಹೊತ್ತುಕೊಂಡು ಹೋಗಬೇಕಾದದ್ದೋ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಮನೆಗೆ ಬರುವುದು ಇದ್ದೂ ಎಷ್ಟೋ ಜನ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿ ಬರುತ್ತಾರೆ.

ಡಿಸ್ಕ್ ತಯಾರಿಸಿದ ಕಂಪನಿಗೆ ಹೋಗುವುದು ವ್ಯರ್ಥ. ಲ್ಯಾಪ್‌ಟಾಪ್ ಜೊತೆ ಬಂದ ಡಿಸ್ಕ್‌ನ ನಂಬರ್ ಅವರ ಸೈಟ್‌ನಲ್ಲಿ ಹಾಕಿದರೆ "ಲ್ಯಾಪ್‌ಟಾಪ್ ಕಂಪನಿಯನ್ನು ಕೇಳಿ" ಅಂತಲೇ ಬರುವುದು.

ಮುಂಬಯಿಯಲ್ಲಿ ಫೋನ್ ಎತ್ತುವವರು ಹಿಂದಿಯಲ್ಲೇ ಮಾತಾಡುವುದು. ಕಥೆ ಹೇಳಬೇಡಿ. "ಹಾರ್ಡ್ ಡಿಸ್ಕ್ ಕಾ ಲಾಂಗ್ ಟೆಸ್ಟ್ ಫೇಲ್ ಹುವಾ ಹೈ, ಫೇಲ್ಯೂರ್ ಐಡಿ ನೋಟ್ ಕೀಜಿಯೇ." ಇಷ್ಟೇ. ಅವರು ವಿಂಡೋಸ್ ರೀಸೆಟ್ ಮಾಡಿ ಅಂದರೆ, ಪರೀಕ್ಷೆ ವಿಂಡೋಸ್ ಹೊರಗಡೆ ನಡೆದದ್ದು ಅಂತ ಹೇಳಿ. ವಾದ ಅಲ್ಲಿಗೆ ಮುಗಿಯುತ್ತದೆ. ಕೇಸ್ ನಂಬರ್ ತೆಗೆದುಕೊಂಡು, ಅದೇ ವಿಷಯವನ್ನು ಫೋಟೊ ಸಮೇತ ಮೇಲ್ ಮಾಡಿ. ಬಾಯಿಮಾತಿಗೆ ದಾಖಲೆ ಇಲ್ಲ.

ಯಂತ್ರ ಕೊಡುವಾಗ ಜಾಬ್ ಶೀಟ್ ಓದಿ ಸಹಿ ಮಾಡಿ. ಸಮಸ್ಯೆಯ ಜಾಗದಲ್ಲಿ ಸ್ಲೋ ಅಂತ ಬರೆದಿದ್ದರೆ ಹೊಡೆಸಿ, ಡಿಸ್ಕ್ ಟೆಸ್ಟ್ ಫೇಲ್ ಅಂತ ಕೋಡ್ ಸಮೇತ ಬರೆಸಿ. ಗೀರು, ಪೆಟ್ಟು ಇದ್ದರೆ ಅದೂ ಇರಲಿ, ನಾಳೆ ಅವರು ನಿಮ್ಮ ಮೇಲೆ ಹಾಕಬಾರದು. ಸಿ7 ಏರಿದ್ದರೆ ಕೇಬಲ್ ಕೂಡ ಬದಲಿಸಿ ಅಂತ ಅಲ್ಲೇ ಬರೆಸಿ.

ಹಳೆಯ ಡಿಸ್ಕ್ ಕಂಪನಿಗೆ ಹೋಗುತ್ತದೆ, ನಿಮ್ಮ ಡೇಟಾ ಸಮೇತ. ಎನ್‌ಕ್ರಿಪ್ಟ್ ಆಗಿದ್ದರೆ ಚಿಂತೆ ಇಲ್ಲ, ಕೀ ಇಲ್ಲದೆ ಯಾರಿಗೂ ಓದಲಾಗುವುದಿಲ್ಲ. ಆಗಿಲ್ಲದಿದ್ದರೆ, ಡಿಸ್ಕ್ ಇನ್ನೂ ಬರೆಯುವ ಸ್ಥಿತಿಯಲ್ಲಿದ್ದರೆ ಅಳಿಸಿ ಕೊಡಿ. ಆದರೆ ಅಳಿಸುವುದು ಫೇಲ್ ಕೋಡ್ ಸಿಕ್ಕ ಮೇಲೆ ಮಾತ್ರ. ಬರೆದಾಗ ಸಿ5 ಕಡಿಮೆಯಾಗಿ ಪರೀಕ್ಷೆ ಪಾಸ್ ಆಗಿಬಿಡಬಹುದು, ಕೋಡ್ ಮೊದಲೇ ಕೈಯಲ್ಲಿ ಇರಬೇಕು. ಟ್ಯಾಲಿ ಲೈಸೆನ್ಸ್ ಇದ್ದವರು ಕೊಡುವ ಮೊದಲು ಅದನ್ನು ಸರೆಂಡರ್ ಮಾಡಿ. ಹೊಸ ಡಿಸ್ಕ್‌ನಲ್ಲಿ ಮತ್ತೆ ಆಕ್ಟಿವೇಟ್ ಮಾಡುವುದು ಆಗ ಸುಲಭ.

ಕೋಡ್ ತೋರಿಸಿದರೂ ದಿನ ತಳ್ಳುತ್ತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಹಳಷ್ಟು ಸಲ ಅಷ್ಟಕ್ಕೇ ಕಂಪನಿಯಿಂದ ಫೋನ್ ಬರುತ್ತದೆ. ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದರೆ ಮುಂಬಯಿಯಲ್ಲಿ ಕೊಂಡಿದ್ದರೂ ಡೊಂಬಿವಲಿಯವರಿಗೆ ಥಾಣೆ ಸಾಕು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು.

ಲ್ಯಾಮಿಂಗ್ಟನ್ ರೋಡ್ ಆಸೆ

ಇದೆಲ್ಲ ಯಾಕೆ, ಗ್ರಾಂಟ್ ರೋಡ್‌ನಲ್ಲಿ ಇಳಿದು ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡ್‌ಗೆ ಹೋದರೆ ಅರ್ಧ ಗಂಟೆಯಲ್ಲಿ ಎಸ್‌ಎಸ್‌ಡಿ ಹಾಕಿ ಕೊಡ್ತಾರಲ್ಲ ಅನ್ನುವವರು ಇದ್ದಾರೆ. ಕೊಡುತ್ತಾರೆ, ನಿಜ. ವೇಗವೂ ಎಷ್ಟೋ ಪಟ್ಟು ಜಾಸ್ತಿ ಆಗುತ್ತದೆ. ವಾರಂಟಿ ಮುಗಿದ ಯಂತ್ರಕ್ಕೆ ನಾನೂ ಅದನ್ನೇ ಹೇಳುತ್ತೇನೆ. ವಾರಂಟಿ ಇರುವಾಗ ಮೊದಲು ಕಂಪನಿಯ ಡಿಸ್ಕ್ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು. ಆಮೇಲೆ ಬೇಕಾದರೆ ನಿಮ್ಮ ಮಾಡೆಲ್‌ನಲ್ಲಿ ಖಾಲಿ ಎಂ.2 ಸ್ಲಾಟ್ ಇದೆಯಾ ನೋಡಿ, ಅದಕ್ಕೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಅಲ್ಲಿಡಿ. ಬಿಚ್ಚಿದರೆ ವಾರಂಟಿ ಹೋಗುತ್ತದೆಯಾ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಬರವಣಿಗೆಯಲ್ಲಿ ಕೇಳಿ. ಬಿಡಿಯಾಗಿ ಕೊಳ್ಳುವ ಎಸ್‌ಎಸ್‌ಡಿಗೆ ಅದರದೇ ಮೂರು ಅಥವಾ ಐದು ವರ್ಷದ ವಾರಂಟಿ ಇರುತ್ತದೆ, ಪಕ್ಕಾ ಬಿಲ್ ಇಲ್ಲದೆ ತರಬೇಡಿ.

ಹೊಸ ಡಿಸ್ಕ್ ಬಂದ ಮೇಲೆ

ಕೌಂಟರ್‌ನಲ್ಲೇ ಆನ್ ಮಾಡಿ ನೋಡಿ. ಟಚ್‌ಪ್ಯಾಡ್, ಕೀಬೋರ್ಡ್, ಸ್ಪೀಕರ್ ಕೆಲಸ ಮಾಡುತ್ತವೆಯಾ, ತಳದ ಸ್ಕ್ರೂ ಎಲ್ಲ ಇವೆಯಾ. ಬಿಚ್ಚಿ ಜೋಡಿಸುವಾಗ ಒಂದು ಕೇಬಲ್ ಮರೆಯುವುದು ಹೊಸದೇನಲ್ಲ. ಡಿಸ್ಕ್‌ನ ಅಳತೆ ಮೊದಲಿನಷ್ಟೇ ಇದೆಯಾ, ಸೀರಿಯಲ್ ನಂಬರ್ ಬದಲಾಗಿದೆಯಾ ನೋಡಿ. ವಾರಂಟಿ ಷರತ್ತಿನಲ್ಲಿ ರಿಫರ್ಬಿಶ್ಡ್ (ರಿಪೇರಿ ಮಾಡಿ ಮತ್ತೆ ಬಳಸುವ) ಭಾಗ ಹಾಕಬಹುದು ಅಂತ ಸಾಮಾನ್ಯವಾಗಿ ಇರುತ್ತದೆ, ಅದಕ್ಕೆ ಜಗಳ ಮಾಡಿ ಫಲ ಇಲ್ಲ. ಆದರೆ 05, ಸಿ5, ಸಿ6 ಸೊನ್ನೆ ಇರಲೇಬೇಕು.

ವಿಂಡೋಸ್‌ಗೆ ದುಡ್ಡು ಕೇಳಿದರೆ ಕೊಡಬೇಡಿ. ಜೊತೆಗೆ ಬಂದ ವಿಂಡೋಸ್‌ನ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್‌ಗೆ ಅಲ್ಲ. ಅದೇ ಆವೃತ್ತಿ ಹಾಕಿ ನೆಟ್ ಕೊಟ್ಟರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಜೊತೆಗೆ ಬಂದ ಆಫೀಸ್ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಲಾಗಿನ್ ಆದರೆ ಸಿಗುತ್ತದೆ.

ತಿರುಗುವ ಡಿಸ್ಕ್ ಮತ್ತೆ ಬಂದಿದ್ದರೆ ಎಲ್ಲಿಡುತ್ತೀರಿ ಅನ್ನುವುದನ್ನೂ ಸ್ವಲ್ಪ ನೋಡಿ. ಹೋಟೆಲಿನವರ ಲ್ಯಾಪ್‌ಟಾಪ್ ಇದ್ದ ಕೌಂಟರ್‌ನ ಹಿಂದಿನ ಗೋಡೆಗೇ ಗ್ರೈಂಡರ್ ಒರಗಿತ್ತು. ಅದು ಓಡುವಾಗ ಕೌಂಟರ್ ಮೇಲಿನ ಸ್ಟೀಲ್ ಲೋಟದ ನೀರು ನಡುಗುತ್ತಿತ್ತು. ಡಿಸ್ಕ್ ಕೆಟ್ಟದ್ದು ಅದರಿಂದಲೇ ಅಂತ ನಾನು ಹೇಳುವುದಿಲ್ಲ, ಆದರೆ ತಿರುಗುವ ಡಿಸ್ಕ್‌ಗೆ ಅದು ಒಳ್ಳೆಯ ಜಾಗ ಅಲ್ಲ. ಲೋಕಲ್‌ನಲ್ಲಿ ಓಡಾಡುವವರು ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿ ಬ್ಯಾಗಿಗೆ ಹಾಕಬೇಡಿ. ಅದು ಒಳಗೇ ಎಚ್ಚರಾಗಿ ಡಿಸ್ಕ್ ತಿರುಗುತ್ತಿದ್ದರೆ ದಾದರ್‌ನ ನೂಕುನುಗ್ಗಲಿನ ಪೆಟ್ಟೆಲ್ಲ ಅದಕ್ಕೇ. ಪೂರ್ತಿ ಶಟ್‌ಡೌನ್ ಮಾಡಿ.

ಮೊದಲ ರಾತ್ರಿಯೇ ದೊಡ್ಡ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿ, ಡೇಟಾ ತುಂಬುವ ಮೊದಲು. ಪಾಸ್ ಆದ ಪರದೆಯ ಫೋಟೊವನ್ನೂ ಸರ್ವಿಸ್ ರಿಪೋರ್ಟ್ ಜೊತೆ ಇಡಿ. ಕೆಲವು ವಾರ ಬಿಟ್ಟು ಸ್ಮಾರ್ಟ್ ನೋಡಿ. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಕೇಬಲ್‌ನದು ಅಥವಾ ಬೋರ್ಡ್‌ನದು. ಆಗ ಹೊಸ ದೂರು ಕೊಡದೆ ಹಳೆಯ ಕೇಸ್ ನಂಬರನ್ನೇ ಮತ್ತೆ ತೆರೆಸಿ. ಹೊಸದು ಅಂತ ಬರೆದುಕೊಂಡರೆ ಎಲ್ಲ ಚಿಕ್ಕ ಪರೀಕ್ಷೆಯಿಂದಲೇ ಶುರುವಾಗುತ್ತದೆ.